ಪದಚರ್ಚೆ: ಬ್ರಿಟಿಷರ ‘ಬಾಲಕ್ಸ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಬ್ರಿಟಿಷ್ ಧಾರಾವಾಹಿಯೊಂದಕ್ಕೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇನೆ. ಅದರಲ್ಲಿ ಮಾತೆತ್ತಿದರೆ ‘ಬಾಲಕ್ಸ್’. ಮೂಲ ಅರ್ಥ ವೃಷಣ, ನಮ್ಮ ಆಡುಮಾತಿನ ತರಡು. ಹಾಗೇ ಬರೆದರೆ ಕೆಟ್ಟಿತು. ಈ ಪದ ಆಡುವಾಗ ಅವರಿಗೆ ಆ ಅಂಗದ ನೆನಪೇ ಇರುವುದಿಲ್ಲ.

ಯಾರೋ ಏನೋ ಹೇಳಿದರು, ಇನ್ನೊಬ್ಬ ‘ಬಾಲಕ್ಸ್!’ ಅಂದ. ಅದು ‘ಬರೀ ಬುರುಡೆ’. ಬಾಸ್ ‘ಬಾಲಕಿಂಗ್’ ಕೊಟ್ಟರು ಅಂದರೆ ಮಂಗಳಾರತಿ ಎತ್ತಿದರು. ಇಲ್ಲಿ ಕನ್ನಡ ಎಷ್ಟು ಸಲೀಸಾಗಿ ಕೂರುತ್ತದೆ ನೋಡಿ! ‘ದ ಡಾಗ್ಸ್ ಬಾಲಕ್ಸ್’ ಅಂದರೆ ಮಾತ್ರ ಅರ್ಥ ಪೂರ್ತಿ ತಿರುಗುಮುರುಗು. ನಾಯಿಯದು ಅಂದ ಕೂಡಲೇ ಅದು ಹೊಗಳಿಕೆ: ‘ಸಖತ್’, ‘ಇದನ್ನು ಮೀರಿಸಿದ್ದಿಲ್ಲ’. ಇನ್ನು ‘ಬಾಲಕ್ಸ್ ಟು’ ಅಂತ ಶುರುವಾದರೆ ಶಾಪ. 2019ರ ಯುರೋಪಿಯನ್ ಪಾರ್ಲಿಮೆಂಟ್ ಚುನಾವಣೆಯಲ್ಲಿ ಲಿಬರಲ್ ಡೆಮಾಕ್ರಾಟ್ ಪಕ್ಷ ‘ಬಾಲಕ್ಸ್ ಟು ಬ್ರೆಕ್ಸಿಟ್’ ಎಂದು ಪ್ರಣಾಳಿಕೆಯ ಮೇಲೇ ಹಾಕಿತ್ತು. ‘ಬ್ರೆಕ್ಸಿಟ್ ಮನೆ ಹಾಳಾಗ’ ಅನ್ನಬಹುದು, ಅಲ್ವಾ?

ಈ ಪದ ಅಶ್ಲೀಲವೇ ಎಂದು 1977ರಲ್ಲಿ ನಾಟಿಂಗ್‌ಹ್ಯಾಮ್ ಕೋರ್ಟಿನಲ್ಲಿ ಕೇಸೇ ನಡೆದಿದೆ. ಸೆಕ್ಸ್ ಪಿಸ್ಟಲ್ಸ್ ತಂಡದ ಆಲ್ಬಮ್ಮಿನ ಹೆಸರಿನಲ್ಲಿ ಅದಿತ್ತು. ಅಂಗಡಿಯ ಕಿಟಕಿಯಲ್ಲಿ ಅದನ್ನು ತೂಗುಹಾಕಿದ್ದಕ್ಕೆ 1889ರ ಅಸಭ್ಯ ಜಾಹೀರಾತು ಕಾಯ್ದೆಯಡಿ ಮ್ಯಾನೇಜರ್ ಮೇಲೆ ಮೊಕದ್ದಮೆ ಹೂಡಿದರು. ಅವರ ಪರ ವಕೀಲ ಜಾನ್ ಮಾರ್ಟಿಮರ್ ಸಾಕ್ಷಿಯಾಗಿ ಕರೆಸಿದ್ದು ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಇಂಗ್ಲಿಷ್ ಪ್ರೊಫೆಸರ್ ಜೇಮ್ಸ್ ಕಿನ್ಸ್‌ಲಿಯನ್ನು. ಅದು ಹಳೆಯ ಇಂಗ್ಲಿಷಿನಿಂದಲೂ ಇರುವ ಪದ, ಹಳೆಯ ಬೈಬಲ್ ಅನುವಾದದಲ್ಲೂ ಇದೆ ಎಂದರು ಅವರು. ಪಾದ್ರಿಗಳಿಗೂ ಈ ಅಡ್ಡಹೆಸರಿತ್ತು, ಪಾದ್ರಿಗಳ ಮಾತಿನಲ್ಲಿ ಹುರುಳಿಲ್ಲ ಎಂಬುದರಿಂದ ‘ಬುರುಡೆ’ ಎಂಬ ಅರ್ಥ ಬಂತು ಎಂದೂ ವಿವರಿಸಿದರು. ಹೀಗೆ ಹೇಳಿದ ಕಿನ್ಸ್‌ಲಿ ಸ್ವತಃ ಪಾದ್ರಿ! ಕೋರ್ಟು ಒಲ್ಲದ ಮನಸ್ಸಿನಿಂದಲೇ ಮ್ಯಾನೇಜರನ್ನು ಬಿಡುಗಡೆ ಮಾಡಿತು.

ಹಾಗಂತ ಪದ ಪೂರ್ತಿ ಮಡಿಯಾಗಿಲ್ಲ. ಬ್ರಿಟನ್ನಿನ ಪ್ರಸಾರ ನಿಯಂತ್ರಕ ಸಂಸ್ಥೆ ಆಫ್‌ಕಾಮ್ 2016ರಲ್ಲಿ ಇದನ್ನು ಮಧ್ಯಮ ದರ್ಜೆಯ ಕೆಟ್ಟ ಮಾತು ಎಂದು ಗುರುತಿಸಿದೆ. ಅಂದರೆ ರಾತ್ರಿ 9ಕ್ಕೆ ಮುಂಚೆ ಟಿವಿಯಲ್ಲಿ ಬಂದರೆ ಆಕ್ಷೇಪ ಏಳಬಹುದು.

ನನ್ನ ತೊಡಕು ಇರುವುದು ಇಲ್ಲೇ. ಗಂಡಹೆಂಡತಿ ಜಗಳದ ಒಂದು ದೃಶ್ಯವಿದೆ. ಗಂಡ ನೆಪ ಹೇಳುತ್ತಾನೆ, ಅವಳು ಬಾಗಿಲು ದಡಾರನೆ ಹಾಕಿ ‘ಬಾಲಕ್ಸ್!’ ಅನ್ನುತ್ತಾಳೆ. ‘ಮಣ್ಣಂಗಟ್ಟಿ’ ಎಂದು ಬರೆದಿದ್ದೇನೆ. ತಾತ್ಸಾರ ಬಂತು, ಆದರೆ ಅದನ್ನು ಅಜ್ಜಿಯ ಮುಂದೆಯೂ ಆಡಬಹುದು. ‘ಶಾಟ’ ಅಂದರೆ ತೀರಾ ಅತಿಯಾಯಿತು, ಆ ಹೆಂಗಸಿನ ಬಾಯಿಗೆ ಹೊಂದುವುದೂ ಇಲ್ಲ. ಇವೆರಡರ ನಡುವಿನ ಪದ ಬೇಕು. ಹಿರಿಯರ ಎದುರು ಆಡಲು ನಾಲಿಗೆ ತಡೆಯಬೇಕು, ಆದರೆ ಕೇಳಿದವರು ಕಿವಿ ಮುಚ್ಚಿಕೊಳ್ಳಬಾರದು.

ಧಾರವಾಡ, ಕಲಬುರಗಿ ಕಡೆಯವರು, ಮಂಡ್ಯದವರು, ಕುಂದಾಪುರದವರು: ನಿಮ್ಮಲ್ಲಿ ಹೆಂಗಸರು ಸಿಟ್ಟಿನಲ್ಲಿ ಆಡುವ ಅಂಥ ಪದ ಯಾವುದಿದೆ? ಬಳಸುವ ವಾಕ್ಯದ ಸಮೇತ ತಿಳಿಸಿ, ದಯವಿಟ್ಟು.