ಎನ್‌ಫೀಲ್ಡ್ ರೈಫಲ್: ತೋಟಾ ತುಂಡಾಗಿ ಚೇಂಬರ್‌ನಲ್ಲೇ (ತೋಟಾ ಕೂರುವ ಗೂಡಿನಲ್ಲೇ) ಉಳಿದಿದೆ, ಸಹಾಯ ಮಾಡಿ

ಹೂಸ್ಟನ್_ಹುಡುಗ:
ನಮಸ್ಕಾರ. ಶನಿವಾರ ರೇಂಜ್‌ನಲ್ಲಿ ಎಂಟನೇ ಗುಂಡು ಹೊಡೆದು ಬೋಲ್ಟ್ (ಚೇಂಬರ್ ಮುಚ್ಚುವ ಉಕ್ಕಿನ ಅಗುಳಿ) ಎಳೆದರೆ ತೋಟಾದ ಬುಡ ಮಾತ್ರ ಕೈಗೆ ಬಂತು. ಮಿಕ್ಕ ಹಿತ್ತಾಳೆ ಕೊಳವೆ ಒಳಗೇ ಕಚ್ಚಿಕೊಂಡಿದೆ. ಮುಖಕ್ಕೆ ಬಿಸಿ ಗಾಳಿ ರಪ್ಪನೆ ಹೊಡೆಯಿತು. ಕನ್ನಡಕ ಇತ್ತು, ಕಣ್ಣು ಉಳಿಯಿತು. ಇದೇ ಎನ್‌ಫೀಲ್ಡ್‌ನಲ್ಲಿ ಮಿಲಿಟರಿ ತೋಟಾ ಇನ್ನೂರು ಹೊಡೆದಿದ್ದೇನೆ, ಒಂದೂ ಹೀಗೆ ಮಾಡಲಿಲ್ಲ. ಅಂಗಡಿ ಮಾಲಿಗೆ ಬದಲಾದ ಮೇಲೇ ಈ ಕಾಟ. ಅದರ ಪ್ರೆಷರ್ ಜಾಸ್ತಿ ಅಂತಾರೆ, ನಿಜವಾ?

ಕೊಡಗಿನ_ಕೋವಿ:
ಮೊದಲು ಹೊಡೆದ ಮಿಲಿಟರಿ ಮಾಲಿನದೇ ತಪ್ಪು. ಹಳೇ .303 ತೋಟಾದ ಪ್ರೈಮರ್‌ನಲ್ಲಿ (ಕಿಡಿ ಹೊತ್ತಿಸುವ ಬುಡದ ಬಿಲ್ಲೆಯಲ್ಲಿ) ಉಪ್ಪು ಇರುತ್ತದೆ, ಅದು ತೇವ ಹೀರಿ ಕಬ್ಬಿಣ ತಿನ್ನುತ್ತದೆ. ಎಣ್ಣೆಗೆ ಉಪ್ಪು ಕರಗಲ್ಲ. ಕುದಿಯುವ ನೀರು ಹೊಯ್ದು ತೊಳೆಯಬೇಕಿತ್ತು. ಚೇಂಬರ್ ತುಕ್ಕು ಹಿಡಿದು ತರಿತರಿ ಆಗಿದೆ, ಹಿತ್ತಾಳೆ ಕಚ್ಚಿಕೊಂಡಿದೆ.

ಹೂಸ್ಟನ್_ಹುಡುಗ:
ಟಾರ್ಚ್ ಬಿಟ್ಟು ನೋಡಿದ್ದೆ ಅಣ್ಣಾ, ಕನ್ನಡಿ ಥರ ಇತ್ತು.

ಕೊಡಗಿನ_ಕೋವಿ:
ಕಣ್ಣಿಗೆ ಕಾಣಲ್ಲ. ಬಿಸಿನೀರು ಹಾಕಿ ನೋಡಿ.

ಲೇತ್_ಮೇಷ್ಟ್ರು:
ಯಾವ ಎನ್‌ಫೀಲ್ಡ್ ಅಂತ ಯಾರೂ ಕೇಳಲೇ ಇಲ್ಲವಲ್ಲ! ಬೋಲ್ಟ್ ಹಿಡಿಕೆ ಕೆಳಗೆ ಏನು ಕೊರೆದಿದೆ?

ಹೂಸ್ಟನ್_ಹುಡುಗ:
ಹೇಳಿಲ್ವಾ? ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯ 2ಎ1, 1967ರದ್ದು. ಸೇನೆಯ 7.62 ತೋಟಾದ್ದು. ಈಗ ಹಾಕಿದ್ದು ಹೆಚ್ಚುಕಡಿಮೆ ಅದೇ ಅಳತೆಯ ಅಂಗಡಿ ತೋಟಾ, .308.

ಮಾಜಿ_ಜವಾನ:
ಅಲ್ಲಿಗೆ ಮುಗಿಯಿತು. ಅದು ಹಳೇ .303ಗೆ ಹೊಸ ಬ್ಯಾರಲ್ ಹಾಕಿದ್ದು. ಮಿಲಿಟರಿ 7.62ರ ಪ್ರೆಷರ್ ಚದರ ಇಂಚಿಗೆ ಐವತ್ತು ಸಾವಿರ ಪೌಂಡ್, .308ರದ್ದು ಅರವತ್ತೆರಡು ಸಾವಿರ. ಹೇಗೆ ತಡೆಯುತ್ತದೆ? ಸೇನೆಯ 7.62 ರೈಫಲ್ ಎಸ್‌ಎಲ್‌ಆರ್ ಹಿಡಿದು ವರ್ಷಗಟ್ಟಲೆ ಹೊಡೆದವನು ನಾನು.

ಲೇತ್_ಮೇಷ್ಟ್ರು:
ಸರ್, ಎರಡೂ ಸರಿಯಿಲ್ಲ. 2ಎ, 2ಎ1 ಪರಿವರ್ತನೆ ಮಾಡಿದ್ದಲ್ಲ. ಹಳೇ .303 ಎನ್‌ಫೀಲ್ಡ್ ನಂಬರ್ 1 ಮಾರ್ಕ್ 3ರ ನಕ್ಷೆಯಲ್ಲಿ, ಗಟ್ಟಿ ಉಕ್ಕಿನಲ್ಲಿ ಇಶಾಪುರ ಹೊಸದಾಗಿ ಮಾಡಿದ್ದು. ಆ 50,000 ತಾಮ್ರದ ತುಂಡು ಜಜ್ಜಿಸಿ ಅಳೆದ ಅಂಕಿ. ಅದೇ ಅಳತೆಯಲ್ಲಿ .308ಕ್ಕೆ 52,000. ಅರವತ್ತೆರಡು ಸಾವಿರ ಬರುವುದು ಈಗಿನ ಎಲೆಕ್ಟ್ರಾನಿಕ್ ಅಳತೆಯಲ್ಲಿ. ಸೇರು ಬೇರೆ, ಕಿಲೋ ಬೇರೆ.

ಮಾಜಿ_ಜವಾನ:
ಸೇನೆಯ ಕೈಪಿಡಿಯಲ್ಲೇ ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಅಂತ ಅಚ್ಚಾಗಿದೆ ಮೇಷ್ಟ್ರೇ.

ಲೇತ್_ಮೇಷ್ಟ್ರು:
ಅಮೆರಿಕದ ಹಳೇ ಕೈಪಿಡಿ ತಾನೇ? ಅಚ್ಚಾಗಿದೆ ಸರ್, ಹೌದು. ಅಳೆದದ್ದು ಮಾತ್ರ ತಾಮ್ರದಲ್ಲೇ.
ನನ್ನ ಅನುಮಾನ ಹೆಡ್‌ಸ್ಪೇಸ್ ಮೇಲೆ, ಅಂದರೆ ಬೋಲ್ಟ್ ಮುಚ್ಚಿದಾಗ ತೋಟಾಕ್ಕೆ ಒಳಗೆ ಉಳಿಯುವ ಉದ್ದದ ಜಾಗ. ಈ ಬೋಲ್ಟ್‌ನ ಲಗ್ (ಬೀಗದಂತೆ ಕಚ್ಚುವ ಹಲ್ಲು) ಹಿಂದುಗಡೆ ಇವೆ, ಹೊಡೆದಾಗ ಬೋಲ್ಟ್ ಕೂರುವ ಇಡೀ ಆಕ್ಷನ್ ಸ್ವಲ್ಪ ಹಿಗ್ಗುತ್ತದೆ. ಜೊತೆಗೆ ಮಿಲಿಟರಿ ಚೇಂಬರ್ ಸಡಿಲ. ಮಿಲಿಟರಿ ಹಿತ್ತಾಳೆ ದಪ್ಪ, ತಾಳಿಕೊಳ್ಳುತ್ತದೆ. ಅಂಗಡಿಯದು ತೆಳು, ಬುಡದ ಹತ್ತಿರ ಹಿಗ್ಗಿ ಹಿಗ್ಗಿ ಹರಿಯುತ್ತದೆ. ಆದರೆ ಹೊಸ ತೋಟಾ ಮೊದಲ ಸಲಕ್ಕೇ ಹರಿಯುವುದು ಅಪರೂಪ. ನಿಜ ಹೇಳಿ, ಹೊಸದೇನಾ?

ಹೂಸ್ಟನ್_ಹುಡುಗ:
ಹಿತ್ತಾಳೆ ಅಂಗಡಿಯದೇ. ಮದ್ದು ತುಂಬಿದ್ದು ನಾನು. ಇದು ನಾಲ್ಕನೇ ಸಲ.

ಲೇತ್_ಮೇಷ್ಟ್ರು:
ಇದನ್ನ ಮೊದಲೇ ಹೇಳಬಾರದಾ ಮಾರಾಯರೇ! ಹೊಡೆದ ತೋಟಾವನ್ನು ಮತ್ತೆ ಅಳತೆಗೆ ಒತ್ತುವ ಅಚ್ಚು, ಆ ಫುಲ್ ಲೆಂಗ್ತ್ ಡೈ ತಳಕ್ಕೆ ಮುಟ್ಟಿಸಿ ಸೈಜ್ ಮಾಡ್ತೀರಿ ಅಲ್ವಾ? ಪ್ರತಿ ಸಲ ತೋಟಾದ ಭುಜ (ಕತ್ತಿನ ಕೆಳಗಿನ ಇಳಿಜಾರು) ಹಿಂದೆ ಹೋಗುತ್ತದೆ, ಹೊಡೆದಾಗ ಮುಂದೆ ಬರುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿದ ಹಾಗೆ. ಒಂದು ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ, ತುದಿ ಕೊಕ್ಕೆಯ ಹಾಗೆ ಬಗ್ಗಿಸಿ. ಹೊಡೆದ ಖಾಲಿ ತೋಟಾದ ಒಳಗೆ ಬಿಟ್ಟು ಬುಡದಿಂದ ಮೇಲಕ್ಕೆ ಗೋಡೆಗೆ ತಾಗಿಸಿ ಎಳೆಯಿರಿ. ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಗೋಡೆ ತೆಳುವಾಗಿದೆ ಅಂತ. ಅಲ್ಲಿಯವರೆಗೆ ಒಂದೂ ಹೊಡೆಯಬೇಡಿ, ಕೈಮುಗಿದು ಕೇಳುತ್ತೇನೆ.

ಕೊಡಗಿನ_ಕೋವಿ:
7.62 ಅಂತ ಗೊತ್ತಿದ್ದರೆ ಉಪ್ಪಿನ ಮಾತು ಎತ್ತುತ್ತಿರಲಿಲ್ಲ. ಇಲ್ಲಿ ಭಾರತದಲ್ಲಿ ನಮಗೆ ಮಿಲಿಟರಿ ಬೋರ್ (ಸೇನೆಯ ತೋಟಾ ಹಾಕುವ ಕೋವಿ) ಕೊಡಲ್ಲ. ನನ್ನದು .315, ಅದೂ ಇಶಾಪುರದ್ದೇ. ಜೊತೆಗೆ ಅಜ್ಜನ ಜೋಡುನಳಿಗೆ ಇದೆ. ಪ್ರತಿ ಕೈಲ್ ಪೋಳ್ದ್‌ಗೆ (ಕೊಡಗಿನ ಆಯುಧಪೂಜೆ ಹಬ್ಬ) ಕೋವಿಗೆ ತೋಕ್ ಹೂವು ಮುಡಿಸಿ ಪೂಜೆ ಮಾಡುತ್ತೇವೆ. ನಳಿಗೆಯ ಒಳಗೆ ಇವತ್ತಿಗೂ ಮುಖ ಕಾಣುತ್ತದೆ. ಫೋಟೋ ಹಾಕಲಾ?

ಮಾಜಿ_ಜವಾನ:
ಹಾಕಿ, ಹಾಕಿ.

ಹೂಸ್ಟನ್_ಹುಡುಗ:
ಮೇಷ್ಟ್ರೇ, ಉಳಿದ ಏಳು ಖಾಲಿ ತೋಟಾ ನೋಡಿದೆ. ಐದರಲ್ಲಿ ಕೊಕ್ಕೆ ಟಕ್ ಅಂತ ನಿಂತಿತು, ಬುಡದಿಂದ ಸುಮಾರು ಒಂದು ಸೆಂಟಿಮೀಟರ್ ಮೇಲೆ. ಹೊರಗಡೆ ಅದೇ ಜಾಗದಲ್ಲಿ ಹೊಳೆಯುವ ಉಂಗುರ. ಎರಡರಲ್ಲಿ ಉಗುರಿಗೂ ಸಿಗುತ್ತದೆ. ಎಲ್ಲ ಚಪ್ಪಟೆ ಮಾಡಿ ಬಿಸಾಡಿದೆ. ಕೊಳವೆಯನ್ನು ಮುರಿದ ತೋಟಾ ತೆಗೆಯುವ ಎಕ್ಸ್‌ಟ್ರಾಕ್ಟರ್ ಹಾಕಿ ತೆಗೆದೆ, ಸಲೀಸಾಗಿ ಬಂತು.
ಆದರೆ ಗೆಳೆಯನ .308 ಫೀಲ್ಡ್ ಗೇಜ್ (ಹೆಡ್‌ಸ್ಪೇಸ್ ಅಳೆಯುವ ಉಕ್ಕಿನ ತುಂಡು) ಇಟ್ಟರೆ, 1.638 ಇಂಚಿನದು, ಮುಚ್ಚಬಾರದ ಬೋಲ್ಟ್ ಆರಾಮಾಗಿ ಮುಚ್ಚುತ್ತದೆ. ಬೋಲ್ಟ್ ಹೆಡ್ (ಬೋಲ್ಟ್‌ನ ಮುಂತುದಿ) ಬದಲಾಯಿಸಲಾ? ಎನ್‌ಫೀಲ್ಡ್ ನಂಬರ್ 4 ಮಾದರಿಯದ್ದು ಅಳತೆ ಪ್ರಕಾರ ಸಿಗುತ್ತವಂತೆ.

ಲೇತ್_ಮೇಷ್ಟ್ರು:
ನಂಬರ್ 4ರದ್ದು ಇದಕ್ಕೆ ಕೂರಲ್ಲ. ಇದರ ಹೆಡ್‌ಗಳಿಗೆ ಅಳತೆ ನಂಬರ್ ಇಲ್ಲ, ಒಂದೊಂದೇ ಹಾಕಿ ನೋಡಬೇಕು. ಹಾಗಂತ ಮಿಲಿಟರಿ ಗೇಜ್ ಇದಕ್ಕಿಂತ ಉದ್ದ, .308 ಗೇಜ್ ಒಂದನ್ನೇ ನೋಡಿ ರೈಫಲ್ ಕೆಟ್ಟಿದೆ ಅನ್ನಲಾಗದು. ಎರಡೂ ಗೇಜ್ ಇರುವ ಗನ್‌ಸ್ಮಿತ್ ಹತ್ತಿರ ಒಯ್ಯಿರಿ. ಅವರು ಏನಂದರು ಅಂತ ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇನೆ.

ಕೊಡಗಿನ_ಕೋವಿ:
ಜೋಡುನಳಿಗೆಯ ಫೋಟೋ ಹಾಕಿದ್ದೇನೆ. ಎಡ ನಳಿಗೆಯ ಕುದುರೆ (ಸುತ್ತಿಗೆ) ಸ್ವಲ್ಪ ಸಡಿಲ ಇದೆ, ಯಾರಿಗಾದರೂ ಸ್ಪ್ರಿಂಗ್ ಗೊತ್ತಾ?