ಸಹಾಯ ಬೇಕು: ಹಾಡಿಯ (ಆದಿವಾಸಿ ವಸತಿಯ) ಹಿರಿಯರನ್ನು ನೇತೃತ್ವಕ್ಕೆ ಆಹ್ವಾನಿಸುವ ಕ್ರಮ ತಿಳಿಸಿ

ಎಲ್ಲರಿಗೂ ನಮಸ್ಕಾರ. ನಾಗರಹೊಳೆ ಅಂಚಿನ ಜೇನುಕುರುಬ ಆದಿವಾಸಿಗಳ ಕಾಡಿನ ತಿಳಿವಳಿಕೆಯನ್ನು, ಅಂದರೆ ಹೆಜ್ಜೇನು ಇಳಿಸುವ ಕಾಲ, ಗೆಡ್ಡೆ ಅಗೆಯುವಾಗ ಬಳ್ಳಿಯ ಬುಡ ಉಳಿಸುವ ರೀತಿ ಮುಂತಾದವನ್ನು, ದಾಖಲಿಸಲು ಪೊನ್ನಂಪೇಟೆಯಲ್ಲಿ ನಾವು ಕೆಲವರು ಸಮಿತಿ ರಚಿಸುತ್ತಿದ್ದು, ಅದರ ನೇತೃತ್ವವನ್ನು ಆ ಸಮುದಾಯದವರೇ ವಹಿಸಬೇಕೆಂಬುದು ನಮ್ಮ ದೃಢ ಅಭಿಪ್ರಾಯ. ಇಂಥ ಜ್ಞಾನದ ಮೇಲಿನ ಸಾಮುದಾಯಿಕ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯ್ದೆಯೇ ಮಾನ್ಯ ಮಾಡಿರುವಾಗ, ಏನನ್ನು ಬರೆಯಬೇಕು, ಏನನ್ನು ಬಿಡಬೇಕು ಎಂಬ ತೀರ್ಮಾನ ಹೊರಗಿನವರದಾಗಲಾರದು.

ಹಾಡಿಯ ಯಜಮಾನರನ್ನು ಮೊದಲು ಕಾಣಬೇಕೆಂದು ಬಲ್ಲೆವು. ಆದರೆ ಎಲೆ ಅಡಿಕೆ ಇಟ್ಟು ಕೇಳುವುದು ಅಲ್ಲಿಯ ಪದ್ಧತಿಗೆ ಒಪ್ಪುತ್ತದೆಯೇ, ಗ್ರಾಮಸಭೆಗೂ ಮುನ್ನ ಹಿರಿಯ ಹೆಂಗಸರ ಅಭಿಪ್ರಾಯವನ್ನು ಪ್ರತ್ಯೇಕವಾಗಿ ಕೇಳಬೇಕೇ, ಕುಂಡೆ ಹಬ್ಬದ ದಿನಗಳಲ್ಲಿ ಹೋಗದಿರುವುದು ಒಳ್ಳೆಯದೇ? ಹಾಡಿಯಲ್ಲೇ ಹುಟ್ಟಿ ಬೆಳೆದವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ. ಹಿರಿಯರು ಬೇಡವೆಂದರೆ ನಾವು ಈ ಕೆಲಸವನ್ನು ಮುಂದುವರಿಸುವುದಿಲ್ಲ.