ಪದಚರ್ಚೆ: ‘ಹಿಡಿತ’ ಜಾಸ್ತಿಯಾಗಿ ‘ಹಿಡಿತ’ ತಪ್ಪುವ ಕಾರಿಗೆ ಯಾವ ಮಾತು?

ಗೆಳೆಯರೇ, ನಮಸ್ಕಾರ.

ರಿಮೋಟ್ ಕಾರುಗಳ ಆಫ್‌ರೋಡ್ ರೇಸಿಂಗ್ ಬಗ್ಗೆ ಹೊಸಬರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಆಟಿಕೆ ಕಾರಲ್ಲ, 1/10 ಅಳತೆಯ ಬಗ್ಗಿ, ಅಂದರೆ ಮಣ್ಣುದಾರಿಯ ರೇಸ್ ಕಾರಿನ ಹತ್ತನೇ ಒಂದರಷ್ಟು ಗಾತ್ರದ ಮಾದರಿ. ಶಾಕ್ (ಕುಲುಕಾಟ ತಡೆಯುವ, ಎಣ್ಣೆ ತುಂಬಿದ ಕೊಳವೆ), ಸ್ಪ್ರಿಂಗ್, ಡಿಫರೆನ್ಷಿಯಲ್ (ಎಡಬಲ ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಎಲ್ಲ ಬಿಚ್ಚಿ ಬದಲಿಸಬಹುದು. ಟ್ರ್ಯಾಕಿನ ನೆಲ ಬೇರೆಯಾದರೆ ಬದಲಿಸಲೇಬೇಕು. ಬರೆಯುತ್ತಾ, ಟಯರಿನ ‘ಗ್ರಿಪ್’ಗೆ ಕನ್ನಡದಲ್ಲಿ ಏನನ್ನಬೇಕು ಎಂಬಲ್ಲಿ ಬಂದು ನಿಂತಿದ್ದೇನೆ.

ಹುಡಿಮಣ್ಣಿನ ಟ್ರ್ಯಾಕಿನಲ್ಲಿ ‘ಹಿಡಿತ’ ಅಂದರೆ ಸಾಕು. ಅಲ್ಲಿ ಟಯರ್ ಜಾರುತ್ತದೆ. ಉದ್ದ ರಬ್ಬರ್ ಮುಳ್ಳುಗಳಿರುವ ಟಯರ್ ಹಾಕಿ, ಸ್ಪ್ರಿಂಗ್ ಮೆದು ಮಾಡಿ, ಶಾಕಿಗೆ ತೆಳು ಎಣ್ಣೆ ಹಾಕಿದರೆ ‘ಹಿಡಿತ ಬಂತು’ ಅನ್ನುತ್ತೇವೆ. ಯಾರಿಗೂ ಗೊಂದಲವಿಲ್ಲ.

ಕಷ್ಟ ಶುರುವಾಗುವುದು ಕಾರ್ಪೆಟ್ ಮೇಲೆ. ಯುರೋಪಿನ ಒಳಾಂಗಣ ಟ್ರ್ಯಾಕುಗಳಲ್ಲಿ ಕಾರ್ಪೆಟ್ ಮಾಮೂಲಿ. 2019ರ ವಿಶ್ವ ಚಾಂಪಿಯನ್‌ಷಿಪ್ ಕೂಡ ಸ್ಲೊವಾಕಿಯಾದಲ್ಲಿ ಕಾರ್ಪೆಟ್ ಮೇಲೆಯೇ ನಡೆಯಿತು. ಅಲ್ಲಿ ಜೋರಾಗಿ ತಿರುಗಿಸಿದರೆ ಹೊರಬದಿಯ ಮುಂದಿನ ಟಯರಿನ ಅಂಚು ಕಾರ್ಪೆಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಕಾರು ಜಾರುವುದಿಲ್ಲ, ಪಲ್ಟಿ ಹೊಡೆಯುತ್ತದೆ. ಅದಕ್ಕೇ ಕಾರ್ಪೆಟ್ಟಿಗೆ ಕಾರಿನ ಎತ್ತರ ತಗ್ಗಿಸುತ್ತಾರೆ, ಶಾಕಿಗೆ ಮಂದ ಎಣ್ಣೆ ಹಾಕುತ್ತಾರೆ. ಮುಂದಿನ ಟಯರಿನ ಪಕ್ಕಕ್ಕೆ ಸೂಪರ್ ಗ್ಲೂ ತೆಳ್ಳಗೆ ಸವರಿ ಒಣಗಿಸುವುದೂ ಉಂಟು. ಒಣಗಿದ ಆ ಅಂಚು ಉಗುರಿನಿಂದ ಒತ್ತಿದರೂ ತಗ್ಗುವುದಿಲ್ಲ. ರಬ್ಬರ್ ಸಿಕ್ಕಿಕೊಳ್ಳುವ ಜಾಗದಲ್ಲಿ ಅದು ಜಾರಿಕೊಂಡು ಹೋಗುತ್ತದೆ.

ಈಗ ಈ ವಾಕ್ಯ ನೋಡಿ: ‘ಹಿಡಿತ ಜಾಸ್ತಿಯಾದ್ದರಿಂದ ಕಾರು ಹಿಡಿತ ತಪ್ಪಿತು.’ ಮೊದಲನೆಯದು ಟಯರಿಗೂ ನೆಲಕ್ಕೂ ಇರುವುದು, ಎರಡನೆಯದು ಓಡಿಸುವವರ ಕೈಯದು. ಸೆಟಪ್, ಅಂದರೆ ಟ್ರ್ಯಾಕಿಗೆ ತಕ್ಕಂತೆ ಕಾರನ್ನು ಹೊಂದಿಸುವುದು, ಇವೆರಡರ ನಡುವಿನ ಕೆಲಸವೇ. ಎರಡಕ್ಕೂ ಒಂದೇ ಪದವಾದರೆ ಹೊಸಬರು ಏನನ್ನು ಸರಿಮಾಡಬೇಕು?

‘ಟಯರ್ ನೆಲ ಕಚ್ಚುತ್ತದೆ’ ಅಂತ ಬರೆದರೆ ಇನ್ನೊಂದು ತೊಡಕು. ‘ಕಾರು ನೆಲಕಚ್ಚಿತು’ ಅಂದರೆ ಓದುವವರಿಗೆ ಸೋತುಹೋಯಿತು ಎಂದೇ ಅನ್ನಿಸುತ್ತದೆ, ಅಲ್ವಾ? ‘ಘರ್ಷಣೆ’ ಶಾಲೆಯ ಪುಸ್ತಕದ ಮಾತು. ಮುಳ್ಳುಗಳು ಮಣ್ಣಿಗೆ ಚುಚ್ಚಿಕೊಳ್ಳುವುದನ್ನು ಅದು ಹೇಳುವುದೂ ಇಲ್ಲ. ಸದ್ಯಕ್ಕೆ ನನ್ನ ಒಲವು ಹೀಗಿದೆ: ನಾಮಪದಕ್ಕೆ ‘ಗ್ರಿಪ್’ ಹಾಗೇ ಇರಲಿ, ಬೈಕ್ ಓಡಿಸುವವರೆಲ್ಲ ಆಡುವ ಮಾತು ಅದು. ಕ್ರಿಯಾಪದಕ್ಕೆ ‘ನೆಲ’ ಬಿಟ್ಟು ಬರೀ ‘ಟಯರ್ ಕಚ್ಚುತ್ತದೆ’. ‘ಹಿಡಿತ’ ಓಡಿಸುವವರಿಗೇ ಮೀಸಲು. ನಿಮಗೆ ಇದು ಒಪ್ಪಿಗೆಯೇ?

ಎಣ್ಣೆಗೆ ‘ದಪ್ಪ’ಕ್ಕಿಂತ ‘ಮಂದ’ ನನಗೆ ಇಷ್ಟ. ಸಾರು, ಪಾಯಸ ಮಂದವಾಗುತ್ತವೆ. ಮಂದ ಎಣ್ಣೆ ಶಾಕಿನ ಓಟವನ್ನೂ ನಿಧಾನ ಮಾಡುವುದರಿಂದ ಎರಡು ಅರ್ಥವೂ ಕೂಡಿ ಬರುತ್ತವೆ. ಕರಾವಳಿಯಲ್ಲಿ, ಉತ್ತರ ಕರ್ನಾಟಕದಲ್ಲಿ ಎಣ್ಣೆಗೆ ‘ಮಂದ’ ಅಂದರೆ ತಿಳಿಯುತ್ತದೆಯೇ?

ಇನ್ನೊಂದು ಕೋರಿಕೆ, ಹೊಲದ ಕೆಲಸ ಗೊತ್ತಿರುವವರಿಗೆ. ಕೆಸರಲ್ಲಿ ಟ್ರ್ಯಾಕ್ಟರ್ ಗಾಲಿ ಸುಮ್ನೆ ತಿರುಗಿದರೆ ‘ಹಿಡೀತಿಲ್ಲ’ ಅನ್ನುತ್ತಾರೆ. ಗಾಲಿ ಬೇಕಾದ್ದಕ್ಕಿಂತ ಜಾಸ್ತಿ ಹಿಡಿದರೆ ನಿಮ್ಮ ಊರಲ್ಲಿ ಏನನ್ನುತ್ತಾರೆ? ಯಾವ ಜಿಲ್ಲೆಯ ಮಾತು ಅಂತಲೂ ಬರೆಯಿರಿ.